ತನಿಯ ಹೊತ್ತಿನ ಬೋಂಡ

ಕಛೇರಿಯ ನಡುವೆ ಮಾಧವಿ ಮೃದಂಗವೊಂದೇ ನುಡಿಯುವ ತನಿ ಆವರ್ತನ ಶುರುಮಾಡಿದ್ದೇ ತಡ, ಕೋಡಂಬಾಕ್ಕಂನ ಹೊಸ ಸಂಗೀತ ಹಾಲ್‌ನಲ್ಲಿ ಮುನ್ನೂರು ಜನವೂ ಎದ್ದುಬಿಟ್ಟರು. ಚೆನ್ನೈಯಲ್ಲಿ ತನಿ ಎಂದರೆ ಕ್ಯಾಂಟೀನಿಗೆ ಹೋಗುವ ಹೊತ್ತು. ಭೂಕಂಪವಾದರೂ ಜನ ಅಷ್ಟು ಜೋರಾಗಿ ಓಡುವುದಿಲ್ಲ.

“ತನಿಗೆ ಜನ ಕೂತ್ರೆ ಮುಂದಿನ ತಿಂಗಳು ನಿನ್ದೇ ಕಛೇರಿ ಕಣಮ್ಮಾ. ಎದ್ದೋದ್ರೆ ರೊಂಬ ಸಾರಿ,” ಎಂದಿದ್ದರು ಮಾಲೀಕ ಹನುಮಂತಯ್ಯ. ಅವಳು ನುಡಿಸುತ್ತಲೇ ಎದ್ದವರ ಕಡೆ ನೋಡಿದಳು.

“ನೀವು ನುಡಿಸಿ ಅಕ್ಕಾ,” ಎಂದು ಬುಕಿಂಗ್ ನೋಡಿಕೊಳ್ಳುವ ಪ್ರತಾಪ್ ವೇದಿಕೆಯ ಪಕ್ಕದಿಂದ ಪಿಸುಗುಟ್ಟಿದ. “ಕ್ಯಾಂಟೀನನ್ನ ಹಾಲ್ ಒಳಗೇ ಹಾಕ್ಸಿದೀನಿ. ಎಲ್ಲಿಗೆ ಹೋಗ್ತಾರೆ?”

ಒಂದು ಊರಿಗಾಗುವಷ್ಟು ಬೋಂಡ ಹೊತ್ತು ಎಲ್ಲರೂ ಮರಳಿ ಕೂತರು. ಮಾಧವಿಯ ಏಟಿಗೆ ಚಾವಣಿಯೇ ಹಾರಿಹೋಗುವಂತಿತ್ತು. ಮುಂದಿನ ಸಾಲಿನಲ್ಲಿ ಹನುಮಂತಯ್ಯ ಬಾಯಿವರೆಗೆ ಒಯ್ದ ಬೋಂಡವನ್ನು ತಟ್ಟೆಯಲ್ಲಿಟ್ಟು, ಬಿಳಿ ಪಂಚೆಯ ಮೇಲೆ ಎಣ್ಣೆಗೈಯಲ್ಲೇ ತಾಳ ಹಾಕತೊಡಗಿದರು.