ಪೆರುಮಾಳಿಗೆ ಬಿಟ್ಟ ಕರು

ಕಮಲಾತಾಳ್ ಬಿಸಿ ಬೇವಿನೆಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಕರುವಿನ ತೊಡೆಯ ಮೇಲಿನ ಹಕ್ಕಳೆಯನ್ನು ಉಜ್ಜಿ ಎಬ್ಬಿಸುತ್ತಿದ್ದಾಗಲೇ ದನದ ಡಾಕ್ಟರು ವಿಭಾ ಕೊಟ್ಟಿಗೆಗೆ ಬಂದಳು. ಹಕ್ಕಳೆ ಕಿತ್ತು ಬಂತು. ಕೆಳಗಿನ ಕೆಂಪು ಮಾಂಸದ ಮೇಲೆ ರಕ್ತ ಹನಿಹನಿಯಾಗಿ ಮೂಡಿತು. ಕರುವಿನ ಹಗ್ಗ ಹಿಡಿದು ನಿಂತಿದ್ದ ಸೊಸೆ ಗೋಮತಿ ಮುಖ ಆಚೆ ತಿರುಗಿಸಿದಳು.

“ನಿಲ್ಲಿಸಿ ಅಮ್ಮಾ. ದಿನಾ ಹೀಗೇ ಕೀಳ್ತೀರಾ?” ಎಂದಳು ವಿಭಾ.

“ಕೀಳ್ದೆ ಬಿಟ್ರೆ ತಳುಂಬು ಬಿದ್ದು ಕಲೆ ಉಳಿದುಬಿಡ್ತದೆ ಡಾಕ್ಟ್ರಮ್ಮಾ. ಒಣಗೋಕೆ ಬಿಡ್ದೆ ಎಣ್ಣೆ ಹಾಕಿ ತೆಗೀತಾ ಬಂದ್ರೆ ಮೊದ್ಲಿನಂಗೇ ಕೂದ್ಲು ಬರ್ತದೆ ಅಂತ ನಮ್ಮವ್ವ ಹೇಳ್ತಿದ್ರು.”

ವಿಭಾ ಕೊಯಮತ್ತೂರಿನ ಕನ್ನಡದ ಮನೆಯವಳು. ಮಡತ್ತುಕುಳಂ ಕಡೆಯ ತೋಟಗಳಲ್ಲಿ ಮನೆಮಾತು ಕಿವಿಗೆ ಬಿದ್ದರೆ ಅವಳಿಗೆ ಖುಷಿ. ಇವತ್ತು ಖುಷಿಪಡಲು ಆಗಲಿಲ್ಲ. ಗಾಯ ಮೊದಲು ನೋಡಿದ್ದಕ್ಕಿಂತ ಅಗಲವಾಗಿತ್ತು.

ಅದು ಬರೀ ಕರುವಾಗಿರಲಿಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಸ್ಟೀಮ್ ಪೈಪು ಒಡೆದು ಗೋಮತಿ ಕತ್ತಿನಿಂದ ಮೊಣಕೈವರೆಗೆ ಬೆಂದು ಆಸ್ಪತ್ರೆ ಸೇರಿದಾಗ ಕಮಲಾತಾಳ್ ಹರಕೆ ಹೊತ್ತಿದ್ದಳು: ಸೊಸೆ ಬದುಕಿದರೆ ಪೊಂಗಲ್ ದಿನ ಹುಟ್ಟುವ ಕರು ಪೆರುಮಾಳಿಗೆ. ಸೊಸೆ ಬದುಕಿದಳು. ಕರುವೂ ಹೇಳಿ ಮಾಡಿಸಿದಂತೆ ಪೊಂಗಲ್ ದಿನವೇ ಹುಟ್ಟಿತು. ದೇವರು ತನ್ನ ಮಾತು ನಡೆಸಿಕೊಟ್ಟ, ಬೇಲಿಯ ಮುಳ್ಳುತಂತಿ ಕರುವಿನ ತೊಡೆ ಸೀಳಿ ಕೆಡಿಸಿತು. ಊನವಾದ ಪ್ರಾಣಿಯನ್ನು ದೇವರಿಗೆ ಬಿಡುವ ಪದ್ಧತಿ ಆ ಮನೆಯಲ್ಲಿಲ್ಲ.

ವಿಭಾ ಕುಕ್ಕರಗಾಲಲ್ಲಿ ಕೂತು ಗಾಯ ತೋರಿಸಿದಳು. “ಈ ಕೆಂಪಗೆ ಕಾಳುಕಾಳಾಗಿರೋದು ಕೊಳೆತ ಮಾಂಸ ಅಲ್ಲ, ಹೊಸಾದು. ಇದರ ಮೇಲೆ ಅಂಚಿನಿಂದ ಚರ್ಮದ ಸೆಲ್ಲುಗಳು ತೆವಳ್ಕೊಂಡು ಬರ್ತಿರ್ತವೆ. ಹಕ್ಕಳೆ ಅಡಿಯಲ್ಲಿ, ಕಣ್ಣಿಗೆ ಕಾಣದ ಹಾಗೆ. ಎಲ್ಲಾ ಕಡೆಯವೂ ನಡುವೆ ಬಂದು ಸೇರಿದ್ರೆ ಗಾಯ ಮುಚ್ಚಿತು ಅಂತ. ನೀವು ಹಕ್ಕಳೆ ಕಿತ್ತಾಗ ಅವೂ ಕಿತ್ತು ಬರ್ತವೆ. ಪಾಪ, ಮತ್ತೆ ಅಂಚಿನಿಂದಲೇ ಹೊರಡಬೇಕು.”

ಕಮಲಾತಾಳ್ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದಳು, ಮಡಚಿ ನೆಲಕ್ಕಿಟ್ಟಳು. ಇಷ್ಟು ದಿನ ತಾನೇ ಆ ಕರುವನ್ನು ನೋಯಿಸಿದ್ದು ಎಂಬುದು ಅವಳಿಗೆ ನುಂಗಲಾಗದ ತುತ್ತಾಯಿತು.

“ಇನ್ಮೇಲೆ ಮುಟ್ಟಲ್ಲ. ಮುಚ್ಚಿದ ಮೇಲೆ ಕೂದ್ಲು ಬರ್ತದಾ?”

ಸುಳ್ಳು ಹೇಳಿಬಿಡಬಹುದಿತ್ತು. ವಿಭಾ ಹೇಳಲಿಲ್ಲ. “ಇಲ್ಲಮ್ಮಾ. ತಂತಿ ಆಳಕ್ಕೆ ಇಳಿದಿದೆ, ಕೂದಲಿನ ಬೇರೇ ಹೋಗಿದೆ. ಹಳೇ ಚರ್ಮ ಹಾಗೇ ನೇಯೋಕೆ ಮೈಗೆ ಪುರಸೊತ್ತಿಲ್ಲ. ಒರಟು ನೂಲಲ್ಲಿ ಬಿಗಿಯಾಗಿ ಸೇರಿಸಿ ಕಟ್ಟಿಬಿಡ್ತದೆ. ಮೊದಲು ಜೀವ ಉಳೀಬೇಕಲ್ಲ.”

“ಹಂಗಾದ್ರೆ ಊನ ಆಗೋಯ್ತು. ಇದನ್ನ ಸಾಮಿಗೆ ಬಿಡೋಕಾಗಲ್ಲ.”

ವಿಭಾ ಗಾಯಕ್ಕೆ ಮದ್ದು ಹಚ್ಚತೊಡಗಿದಳು. ಗೋಮತಿಯೇ ಮಾತಾಡಿದಳು.

“ಸಾಮಿ ನನ್ನ ಉಳಿಸೋವಾಗ ಊನ ನೋಡಿದ್ರಾ ಅತ್ತೆ?”

ಸೊಸೆಯ ಕತ್ತಿನ ಸುಟ್ಟ ಕಲೆಯ ಕಡೆ ಕಮಲಾತಾಳ್ ನೇರವಾಗಿ ನೋಡಿದ್ದೇ ಅಪರೂಪ. ಈಗ ನೋಡಿದಳು, ಕಣ್ಣು ತುಂಬಿತು.

“ಅದಕ್ಕೇ ಭಯ ಕಣಮ್ಮಾ. ಸಾಮಿ ನಿನ್ನ ಹಿಂಗೆ ತಿರುಗಿ ಕೊಟ್ರು. ನಾನೂ ಕರೂನ ಹಿಂಗೇ ಕೊಟ್ರೆ, ನೀ ಕೊಟ್ಟಂಗೇ ನಾನೂ ಕೊಟ್ಟೆ ಅಂತ ಅವರ ಮುಖಕ್ಕೆ ಹೇಳಿದಂಗೆ ಆಗಲ್ವಾ?”

ಗೋಮತಿ ಕರುವಿನ ಹಗ್ಗ ಸಡಿಲಿಸುತ್ತ, ದನಿ ಏರಿಸದೆ ಹೇಳಿದಳು:

“ಆಗ್ಲಿ ಬಿಡಿ ಅತ್ತೆ. ಸಾಮಿಗೂ ಗೊತ್ತಾಗ್ಲಿ.”