ಒಗೆಯದ ಒಂದು ಬಟ್ಟೆ

ಮಂಚದ ಕೆಳಗೆ ಇಟ್ಟ ಮೀನಿನ ತುಂಡು ಮೂರನೆಯ ದಿನವೂ ಇಟ್ಟಲ್ಲೇ ಒಣಗಿತ್ತು. ಹೊಸ ಮನೆಗೆ ಬಂದ ಗಳಿಗೆಯಿಂದ ಬೆಕ್ಕು ಆ ಮೂಲೆ ಬಿಟ್ಟು ಕದಲಿರಲಿಲ್ಲ. 'ಸಾಹೇಬ' ಎಂದು ಅದಕ್ಕೆ ಹೆಸರಿಟ್ಟವನು ಅಪ್ಪ. ಈಗ ಸಾಹೇಬನ ಎರಡು ಕಣ್ಣು ಮಾತ್ರ ಕತ್ತಲಲ್ಲಿ ಕಾಣುತ್ತಿದ್ದವು.

"ಸಾಹೇಬ್ರೇ, ಒಂದೇ ಒಂದು ತುತ್ತು," ಎಂದು ಮಗಳು ನೆಲಕ್ಕೆ ಕೆನ್ನೆ ಹಚ್ಚಿ ಗೋಗರೆದಳು. "ಅಮ್ಮ, ನಿನ್ನೆಯಿಂದ ನೀರೂ ಮುಟ್ಟಿಲ್ಲ ಇವನು."

ಅಮ್ಮ ಪ್ರಾಣಿಗಳ ಡಾಕ್ಟರಿಗೆ ಫೋನು ಮಾಡಿದಳು. ಡಾಕ್ಟರು ಎಲ್ಲ ಕೇಳಿಸಿಕೊಂಡು, "ಬೆಕ್ಕು ಮನೇನ ಮೂಗಿನಿಂದ ಗುರುತು ಹಿಡಿಯೋದಮ್ಮ. ಹಳೇ ಮನೇದು ಯಾವ್ದಾದ್ರೂ ಒಗೆಯದ ಬಟ್ಟೆ ಇದ್ರೆ ಪಕ್ಕದಲ್ಲಿ ಹಾಸಿ. ಇವತ್ತೂ ತಿನ್ನದಿದ್ರೆ ನಾಳೆ ಬೆಳಿಗ್ಗೇನೇ ಕರ್ಕೊಂಡು ಬನ್ನಿ, ತಡ ಮಾಡ್ಬೇಡಿ," ಎಂದರು.

ಒಗೆಯದ ಬಟ್ಟೆ! ಅಮ್ಮ ಹದಿನಾಲ್ಕು ವರ್ಷ ಲಾಂಡ್ರಿಯಲ್ಲಿ ದುಡಿದವಳು. ಹೊಸ ಮನೆಗೆ ಹಳೇ ಕೊಳೆ ಬೇಡವೆಂದು ಹೊರಡುವ ಮುಂಚಿನ ಭಾನುವಾರ ಚಾದರ, ಪರದೆ, ದಿಂಬಿನ ಚೀಲ, ಕಾಲೊರಸು, ಕಡೆಗೆ ಬೆಕ್ಕಿನ ಬುಟ್ಟಿಯ ಹಾಸನ್ನೂ ಕುದಿನೀರಿಗೆ ಹಾಕಿ ಒಗೆದಿದ್ದಳು. ಈಗ ಒಂದೊಂದನ್ನೇ ಮೂಗಿಗೆ ಹಿಡಿದು ನೋಡಿದಳು. ಎಲ್ಲದರಲ್ಲೂ ಸೋಪುಪುಡಿಯ ಘಮವೇ.

"ಒಂದು ಕರ್ಚೀಫನ್ನೂ ಬಿಡ್ಲಿಲ್ವಲ್ಲ ನಾನು," ಎಂದು ಸೋತು ಕುಳಿತಳು.

ಮಗಳು ಎದ್ದು ಹೋಗಿ, ಇನ್ನೂ ಬಿಚ್ಚದ ಪುಸ್ತಕದ ಪೆಟ್ಟಿಗೆಯ ತಳದಿಂದ ಪ್ಲಾಸ್ಟಿಕ್ ಚೀಲವೊಂದನ್ನು ತಂದಳು. ಬಾಯಿಗೆ ಮೂರು ಗಂಟು. ಒಳಗೆ ಅಪ್ಪ ಗ್ಯಾರೇಜಿಗೆ ಹಾಕಿಕೊಂಡು ಹೋಗುತ್ತಿದ್ದ ನೀಲಿ ಅಂಗಿ. ಹೋದ ವರ್ಷ ಅಪ್ಪ ತೀರಿಕೊಂಡ ವಾರ ಅಮ್ಮ ಮನೆಯೆಲ್ಲ ಜಾಲಾಡಿದ್ದು ಇದಕ್ಕೇ.

"ಇಲ್ಲಿತ್ತಾ ಇದು! ಆಗ ಕೇಳಿದ್ರೆ ಗೊತ್ತಿಲ್ಲ ಅಂದ್ಯಲ್ಲೇ?"

"ಕೊಟ್ಟಿದ್ರೆ ನೀನು ಒಗೆದುಬಿಡ್ತಿದ್ದೆ."

ಅಮ್ಮ ಒಗೆಯುತ್ತಿದ್ದಳು, ನಿಜ. ಮದುವೆಯಾದಂದಿನಿಂದ ಆ ಗ್ರೀಸ್ ಕಲೆಗಳ ಜೊತೆ ಗುದ್ದಾಡಿದವಳು.

"ಆಗಾಗ ತೆಗೆದು ನೋಡ್ತೀಯಾ?"

"ಒಂದೇ ಸಲ ತೆಗೆದಿದ್ದು, ನನ್ನ ಹುಟ್ಟಿದ ದಿನ. ಪದೇ ಪದೇ ತೆಗೆದ್ರೆ ವಾಸನೆ ಹೋಗಿಬಿಡುತ್ತೆ." ಮಗಳ ಬೆರಳು ಗಂಟಿನ ಮೇಲೇ ಇತ್ತು. "ಸಾಹೇಬ ಇದರ ಮೇಲೆ ಮಲಗಿದ್ರೆ ಅವನ ವಾಸನೇನೇ ಹತ್ತಿಕೊಳ್ಳುತ್ತೆ, ಅಲ್ವಾ?"

"ಹತ್ತುತ್ತೆ," ಎಂದಳು ಅಮ್ಮ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಬೇಡ ಬಿಡು ಪುಟ್ಟಿ. ನಾಳೆ ಡಾಕ್ಟರ ಹತ್ರ ಹೋಗೋಣ."

ಮಗಳು ಮಂಚದ ಕೆಳಗಿನ ಕಣ್ಣುಗಳನ್ನೊಮ್ಮೆ ನೋಡಿದಳು. ಹಲ್ಲಿನಿಂದ ಗಂಟು ಬಿಚ್ಚಿದಳು.

ಗ್ರೀಸು, ಪೆಟ್ರೋಲು, ಬೆವರು. ಅಂಗಿಯನ್ನು ನೆಲಕ್ಕೆ ಹಾಸಿ ಇಬ್ಬರೂ ತುಸು ದೂರ ಸರಿದು ಕುಳಿತರು. ಬಹಳ ಹೊತ್ತಿನ ಮೇಲೆ ಸಾಹೇಬ ಹೊಟ್ಟೆ ಎಳೆದುಕೊಂಡು ಈಚೆ ಬಂದ. ಕಾಲರು ಮೂಸಿದ. ಜೇಬನ್ನು ಮುಂಗಾಲಿನಿಂದ ಒತ್ತಿ ಒತ್ತಿ ಹದ ಮಾಡಿಕೊಂಡು, ಅಂಗಿಯ ಎದೆಯ ಮೇಲೆ ಸುರುಳಿ ಸುತ್ತಿ ಮಲಗಿದ. ಗುರುಗುರು ಸದ್ದು ಶುರುವಾಯಿತು. ಹೊಸ ತುಂಡು ಇಟ್ಟರೆ ಏಳುವ ತೊಂದರೆಯನ್ನೂ ತೆಗೆದುಕೊಳ್ಳದೆ ಮಲಗಿದಲ್ಲಿಂದಲೇ ತಿಂದ.

ಮಗಳು ಅವನ ಪಕ್ಕದಲ್ಲಿ ಉದ್ದಕ್ಕೆ ಮಲಗಿ, ಅಂಗಿಯ ಒಂದು ತೋಳನ್ನು ಕೆನ್ನೆಯ ಕೆಳಗೆ ಎಳೆದುಕೊಂಡಳು. ಅಮ್ಮ ಅಷ್ಟು ದೂರದಲ್ಲೇ ಕುಳಿತಿದ್ದಳು.

"ಅಮ್ಮ," ಎಂದಳು ಮಗಳು ಕಣ್ಣು ಮುಚ್ಚಿಕೊಂಡೇ, "ಆ ಕಡೆ ತೋಳು ನಿಂಗೆ."