ನಡುವಿನ ಕುರ್ಚಿ

ಮಧ್ಯಂತರಕ್ಕೆ ದೀಪ ಹತ್ತಿದಾಗ ಹಾಜರಾಬಿ ಸುಲಿದ ಶೇಂಗಾಕಾಳನ್ನು ಗುಲಾಬಸಾಬರ ಅಂಗೈಗೆ ಸುರಿಯುತ್ತಿದ್ದಳು. ಹೆಂಡತಿ ತೀರಿಹೋದಂದಿನಿಂದ ಒಂಟಿಯಾಗಿದ್ದ ಅವರೇ ಈ ವಿಧವೆಯನ್ನು ಒತ್ತಾಯ ಮಾಡಿ ಸಿನಿಮಾಕ್ಕೆ ಕರೆತಂದಿದ್ದರು. ಅಷ್ಟರಲ್ಲಿ ಕಮರಿಪೇಟೆಯ ಅವರ ಓಣಿಯವನೇ ಆದ ಶಾನವಾಜ ಎದುರಿಗೆ ಬಂದು ನಿಂತ.

"ಕಾಕಾ, ಒಬ್ಬರ ಬಂದೀರೇನ್ರಿ?"

"ಹೂಂ, ಒಬ್ಬನ ಬಂದೇನಿ," ಎಂದುಬಿಟ್ಟರು ಗುಲಾಬಸಾಬ.

ಹಾಜರಾಬಿ ಗುರುತಿಲ್ಲದವಳಂತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಚೀಲ ಎತ್ತಿಕೊಂಡು ಆಚೆಯ ಕುರ್ಚಿಗೆ ಸರಿದಳು. ಅವರ ಸುಳ್ಳನ್ನು ಅವಳೇ ನಿಜ ಮಾಡಿಕೊಟ್ಟಳು.

"ಹಂಗಾದ್ರ ನಾ ಇಲ್ಲೇ ಕುಂದರ್ತೇನಿ," ಎಂದು ಶಾನವಾಜ ಅವಳು ಬಿಟ್ಟೆದ್ದ ಜಾಗದಲ್ಲಿ ಕುಳಿತ.

ಗುಲಾಬಸಾಬ ಅಂಗೈಯಲ್ಲಿದ್ದ ಶೇಂಗಾಕಾಳನ್ನು ಮೆಲ್ಲಗೆ ಕಿಸೆಗೆ ಹಾಕಿಕೊಂಡರು. ಸದ್ಯ, ದೀಪ ಆರಿತಲ್ಲ, ಬದುಕಿದೆ ಎನಿಸಿತು. ಹಾಗೆ ಎನಿಸಿದ್ದಕ್ಕೇ ಅವರಿಗೆ ಇನ್ನಷ್ಟು ನಾಚಿಕೆಯಾಯಿತು.